ಹಣೆಯ ಮೇಲಿನ ಕಾಜಾ

ಯಾವ ಸರ್ಕಾರವೂ ತಾನಾಗಿ ಮನಸ್ಸು ಕರಗಿ ಯಾರ ಹೆಸರಿನಲ್ಲೂ ರಜೆ ಕೊಟ್ಟಿಲ್ಲ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಮಂತ್ರಿಗಳು ಭಾಷಣದಲ್ಲಿ ಏನೇ ಒದರಲಿ, ಮೇಷ್ಟ್ರ ದಿನದ ರಜೆ ಹುಟ್ಟಿದ್ದು ಒಂದು ಅಂಗಿ ಕಾರ್ಖಾನೆಯ ಹೊಲಿಗೆ ಯಂತ್ರಗಳ ನಡುವೆ.

ಆ ಕಾರ್ಖಾನೆಗೆ ಎರಡು ಬಾಗಿಲು. ಮುಂದಿನದು ಮರ್ಯಾದಸ್ಥರಿಗೆ. ಚರಂಡಿ ಪಕ್ಕದ ಹಿಂಬಾಗಿಲು ನಮ್ಮಂಥವರಿಗೆ. ಜನ ಮೇಷ್ಟ್ರು ಅಂತ ಕರೆಯುತ್ತಿದ್ದ ಆ ಮನುಷ್ಯ ನಮ್ಮವರನ್ನು ಕಟ್ಟಿಕೊಂಡು ಮುಂಬಾಗಿಲಿನಿಂದಲೇ ಒಳಗೆ ಹೋದರು. ಕೋರ್ಟಿಗೂ ಹೋಗಿ ಗೆದ್ದರು. ಗೆದ್ದದ್ದಕ್ಕೆ ಯಾರೋ ಅವರ ಹಣೆಗೇ ಗುಂಡು ಹೊಡೆದರು.

ಕಾಜಾ ಅಕ್ಕ ಆಗಿನ್ನೂ ಹುಡುಗಿ. ಅಂಗಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವವಳಾದ್ದರಿಂದ ಆ ಹೆಸರು. ಪಕ್ಕದ ಯಂತ್ರದಲ್ಲಿ ಅವಳ ತಂಗಿ. ವರ್ಷ ತಿರುಗಿ ಮೇಷ್ಟ್ರು ಸತ್ತ ದಿನ ಬಂದಾಗ ಹೆಂಗಸರು ರಜೆ ಕೇಳಿದರು. ಮಾಲೀಕ ನಕ್ಕುಬಿಟ್ಟ. ತಂಗಿ ತುಟಿಪಿಟಕ್ಕೆನ್ನದೆ ತನ್ನ ಯಂತ್ರದ ತಿರುಪು ಸಡಿಲಿಸಿ, ಸೂಜಿ ಕಳಚಿ, ಸೆರಗಿಗೆ ಚುಚ್ಚಿಕೊಂಡಳು. ನೋಡನೋಡುತ್ತಿದ್ದಂತೆ ಇಡೀ ಸಾಲೇ ಸೂಜಿ ಕಳಚಿತು.

“ಏನ್ರೇ ಇದೆಲ್ಲಾ?” ಅಂತ ಸೂಪರ್‌ವೈಸರ್ ಗದರಿದ.

“ಯಂತ್ರಕ್ಕೆ ಇವತ್ತು ಉಪವಾಸ ಸಾರ್,” ಅಂದಳು ತಂಗಿ.

ಪೊಲೀಸರು ಬಂದರು. ಲಾಠಿ ಅವಳ ತಲೆಗೆ ಬಿತ್ತು. ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಡಲೇ ಇಲ್ಲ.

ಆಮೇಲೆ ಪ್ರತಿ ವರ್ಷ ಆ ದಿನ ಸೂಜಿ ಕಳಚುವುದೇ ರೂಢಿಯಾಯಿತು. ಬೇರೆಯವರು ಬಂದು ಹೊಸ ಸೂಜಿ ಹಾಕದ ಹಾಗೆ ಸಂಜೆವರೆಗೂ ಯಂತ್ರ ಕಾಯುತ್ತ ಕೂರುತ್ತಿದ್ದರು. ಅದನ್ನು ನೋಡಿ ಉಳಿದ ಕಾರ್ಖಾನೆಗಳು ನಿಂತವು, ಆಮೇಲೆ ಬಸ್ಸುಗಳು, ಕೊನೆಗೆ ಊರೇ. ಊರು ನಿಂತರೆ ಆಗುವ ನಷ್ಟ ನುಂಗಲಾರದೆ ಸರ್ಕಾರ ರಜೆ ಘೋಷಿಸಿತು. ಅಷ್ಟೇ ಇದರ ಚರಿತ್ರೆ.

ಅಕ್ಕ ಅಷ್ಟು ವರ್ಷ ಬಯಸಿದ್ದು ಒಂದನ್ನೇ. ಆ ದಿನ ಹಗಲು ಹೊತ್ತಿನಲ್ಲಿ ತಂಗಿಯ ಗೋರಿ ಪಕ್ಕ ಕೂರಬೇಕು. ಯಂತ್ರ ಕಾದು ಹೊರಡುವ ಹೊತ್ತಿಗೆ ಸ್ಮಶಾನದ ಗೇಟು ಮುಚ್ಚಿರುತ್ತಿತ್ತು. ರಜೆ ಬಂತು ಅಂದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮೊದಲ ರಜೆಯ ಹಿಂದಿನ ದಿನ ಸೂಪರ್‌ವೈಸರ್ ಹೇಳಿದ: “ನಾಳೆ ಎಲ್ರೂ ಬರ್ಬೇಕು. ಅಂಗಡಿಗಳಲ್ಲಿ ಮೇಷ್ಟ್ರ ದಿನದ ಸೇಲ್ ನಡೀತಿದೆ, ಅರ್ಜೆಂಟ್ ಆರ್ಡರ್. ಬರದವರು ನಾಡಿದ್ದೂ ಬರೋದು ಬೇಡ.”

ಹೊಟ್ಟೆಪಾಡು. ಅಕ್ಕ ಹೋದಳು. ಮೇಜಿನ ಮೇಲೆ ಮೇಷ್ಟ್ರ ಮುಖ ಅಚ್ಚಾಗಿದ್ದ ಅಂಗಿಗಳ ರಾಶಿ. ಗುರುತು ಹಾಕಿದ್ದ ಕಡೆ ಹೊಲಿದರೆ ಎರಡನೇ ಕಾಜಾ ಸರಿಯಾಗಿ ಅವರ ಹಣೆಯ ನಡುವೆ, ಗುಂಡು ಹೊಕ್ಕ ಜಾಗದಲ್ಲೇ, ಬಾಯಿ ಬಿಡುತ್ತಿತ್ತು. ಅಕ್ಕ ತಿರುಪಿಗೆ ಕೈ ಹಾಕಿದಳು.

ಪಕ್ಕದಲ್ಲಿ, ತಂಗಿಯ ಯಂತ್ರದಲ್ಲಿ, ಈಗ ಬೇರೊಬ್ಬ ಹುಡುಗಿ. “ಅಕ್ಕಾ, ರಜೆ ಸಿಕ್ಕಾಯ್ತಲ್ಲ, ಇನ್ಯಾಕೆ ಸೂಜಿ ತೆಗೀತೀಯಾ?”

“ಸಿಕ್ಕಿದ್ರೆ ನೀನ್ಯಾಕಮ್ಮ ಇಲ್ಲಿದ್ದೀಯಾ?”

ಹುಡುಗಿ ತಲೆ ತಗ್ಗಿಸಿದಳು. ಹೊಲಿಗೆ ಮುಂದುವರಿಸಿದಳು. ಬೇರೆ ಒಂದು ಸೂಜಿಯೂ ಕಳಚಲಿಲ್ಲ.

“ರಜೆ ಬೇಕಿತ್ತಲ್ಲ? ತಗೋ, ವರ್ಷಪೂರ್ತಿ ರಜೆ,” ಅಂದ ಸೂಪರ್‌ವೈಸರ್. ಯಾರೋ ಕಿಸಕ್ಕನೆ ನಕ್ಕರು. ಅವಳನ್ನು ಹೊರಗೆ ಹಾಕಿದ್ದು ಹಿಂಬಾಗಿಲಿನಿಂದ.

ಸುದ್ದಿ ಕೇಳಿ, ಅವಳ ಕೇರಿಯವನೇ ಆದ ನಾನು ಸ್ಮಶಾನಕ್ಕೆ ಹೋದಾಗ ನೆತ್ತಿ ಸುಡುವ ಬಿಸಿಲು. ಗೋರಿಯ ಪಕ್ಕ ಕೂತಿದ್ದಳು, ಸೆರಗಿನಲ್ಲಿ ಸೂಜಿ. “ಹಗಲಲ್ಲೇ ಬಂದ್ಬಿಟ್ಟೆ ನೋಡಪ್ಪಾ,” ಅಂದಳು. “ಇವಳಿಗೆ ಏನಂತ ಹೇಳ್ಲಿ? ನಿನ್ನ ಯಂತ್ರ ಓಡ್ತಾ ಇದೆ ಅಂತ ಹೇಳ್ಲಾ?”



ಆ ಅಂಗಿ ನಿಮ್ಮ ಬೀರುವಿನಲ್ಲೂ ಇದೆ. ಮುಂದಿನ ವಾರ ಮತ್ತೆ ಮೇಷ್ಟ್ರ ದಿನ. ಕಾರ್ಖಾನೆ ಅವತ್ತೂ ತೆರೆಯುತ್ತದೆ. ಬೆಳಿಗ್ಗೆ ಹೊದ್ದು ಮಲಗಬೇಡಿ. ಬಂದು ಅದರ ಮುಂಬಾಗಿಲಿಗೆ ಅಡ್ಡ ನಿಲ್ಲಿ. ಒಳಗಿನ ಹುಡುಗಿಯರು ಹೊರಗೆ ಬಂದು, ಅಕ್ಕನ ಕೆಲಸ ಅವಳಿಗೆ ವಾಪಸು ಸಿಗುವವರೆಗೆ ಅಲ್ಲಿಂದ ಕದಲಬೇಡಿ.