ಕೆಂಚ ಉಣ್ಣುತ್ತಿದ್ದ ಹೊತ್ತು

1983ರ ಜನವರಿ 16, ಭಾನುವಾರ, ಬೆಳಗ್ಗೆ ಏಳು ಮುಕ್ಕಾಲು. ಕೆಂಚ ನಮ್ಮ ಮನೆಗೆ ಬಂದದ್ದು ಆಗ. ಆ ದಿನಗಳಲ್ಲಿ ಭತ್ತದ ಕೊಯ್ಲು ಮುಗಿದರೆ ಸಾಕು, ಮಾನ್ವಿಯ ನಮ್ಮ ಮನೆಯ ಮುಂದಿನ ರಸ್ತೆ ಕುರಿಹಿಂಡುಗಳದಾಗುತ್ತಿತ್ತು. ಕೊಯ್ದ ಗದ್ದೆಗೆ ಗೊಬ್ಬರವಾಗಲಿ ಎಂದು ರೈತರು ಹಿಂಡನ್ನು ಎರಡು ಮೂರು ದಿನ ನಿಲ್ಲಿಸಿಕೊಳ್ಳುತ್ತಿದ್ದರು. ಆಮೇಲೆ ಹಿಂಡು ಮುಂದಿನ ಊರಿಗೆ. ಧೂಳು, ಉಣ್ಣೆಯ ವಾಸನೆ, ಹಿಕ್ಕೆ. ಅವ್ವ ಅಂಗಳ ಗುಡಿಸಿ ಬೈಯುವುದು, ಮತ್ತೆ ಗುಡಿಸುವುದು.

ಅವತ್ತು ಹಿಂಡಿನ ಹಿಂದಿದ್ದ ಕೆಂದು ನಾಯಿ ಕೆಂಚನಿಗೆ ಲಾರಿ ತಾಗಿ ಹಿಂದಿನ ಎಡಗಾಲು ಮುರಿಯಿತು. ಕುರಿ ಕಾಯುವವರಲ್ಲಿ ಹಿರಿಯರು, ಬೀರಪ್ಪ ಅಂತ, ಅದನ್ನು ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಮಲಗಿಸಿದರು. ಬಿದಿರಿನ ಸೀಳು ಇಟ್ಟು, ರುಮಾಲು ಹರಿದು ಕಾಲು ಕಟ್ಟಿದರು. ಅಷ್ಟರಲ್ಲಿ ಹಿಂಡು ಅರ್ಧ ಫರ್ಲಾಂಗು ಮುಂದೆ ಹೋಗಿತ್ತು.

"ಕುರಿ ನಿಂದ್ರಂಗಿಲ್ರಿ ಸಾಹೇಬ್ರ," ಅಂದರು ಅಪ್ಪನಿಗೆ. "ಇದು ನಡ್ಯಂಗಿಲ್ಲ. ಮಳಿ ಬರೋದ್ರಾಗ ಇದೇ ದಾರಿಲೆ ತಿರುಗಿ ಬರ್ತೀವಿ. ಅಲ್ಲೀತನ ಒಂದು ತುತ್ತು ಹಾಕ್ರಿ."

"ನಾಯಿ ಒಳಗ ಬರಬಾರದು," ಅಂದಳು ಅಜ್ಜಿ.

"ಅದು ಒಳಗ ಬರಂಗಿಲ್ಲ ಯವ್ವಾ. ಛತ್ತಿನ ಕೆಳಗ ಮಲಗಿ ಗೊತ್ತೇ ಇಲ್ಲ ಅದಕ್ಕ."

ನಾನಾಗ ಆರನೆಯ ತರಗತಿಯಲ್ಲಿದ್ದೆ. ಅಪ್ಪ ಕಾಲುವೆಯ ಗೇಟುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅವರು ತಂದುಕೊಟ್ಟಿದ್ದ ಹಳೆಯ ರಿಜಿಸ್ಟರಿನ ಖಾಲಿ ಹಾಳೆಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ಅಂದಿನಿಂದ ಅದರಲ್ಲಿ ಕೆಂಚನಿಗೊಂದು ಪುಟ. ಮೊದಲ ವಾರವೆಲ್ಲ ಒಂದೇ ಚಿಂತೆ. ಬೆಳಗ್ಗೆ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ ಇಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ. ಮಧ್ಯಾಹ್ನ ನುಚ್ಚು ಹಾಕಿದರೆ ನೊಣಗಳಿಗೆ. ಸಂಜೆ ಮಾತ್ರ, ಒಮ್ಮೆ 6:40ಕ್ಕೆ, ಒಮ್ಮೆ 8:10ಕ್ಕೆ, ಒಮ್ಮೆ 7:25ಕ್ಕೆ, ತಟ್ಟೆ ನೆಕ್ಕಿ ಮುಗಿಸುತ್ತಿತ್ತು. ಯಾಕೆ ಹೀಗೆ ಹೊತ್ತು ಬದಲಾಗುತ್ತದೆ ಎಂದು ತಿಳಿಯದೆ ಪಕ್ಕದಲ್ಲಿ ಮನೆಮಂದಿ ಬಂದುಹೋಗುವ ಹೊತ್ತನ್ನೂ ಬರೆಯತೊಡಗಿದೆ. ಹನ್ನೊಂದನೆಯ ದಿನ ಗೊತ್ತಾಯಿತು. ಅಪ್ಪನ ಸೈಕಲ್ಲು ಬಂದು ಗೋಡೆಗೆ ಒರಗಿದ ಐದೇ ನಿಮಿಷಕ್ಕೆ ಅದು ಉಣ್ಣುತ್ತಿತ್ತು.

"ಅಪ್ಪಾಗ ಕಾಯ್ತದ ಅದು," ಅಂದೆ.

"ನಿಮ್ಮಪ್ಪಾಗ ನಾನೇ ಕಾಯಲ್ಲ," ಅಂದಳು ಅವ್ವ.

ಅಪ್ಪ ಒಬ್ಬರಿಗೇ ಅಲ್ಲ, ಎಲ್ಲರಿಗೂ ಕಾಯುತ್ತಿತ್ತು ಎಂದು ತಿಳಿದದ್ದು ಫೆಬ್ರವರಿ 14ರಂದು. ಅಜ್ಜಿ ಅತ್ತೆಯ ಬಾಣಂತನಕ್ಕೆಂದು ಸಿರವಾರಕ್ಕೆ ಹೋದಳು. ಆ ರಾತ್ರಿ ಅಪ್ಪ, ಅವ್ವ, ತಮ್ಮ ಮಲ್ಲು, ನಾನು, ನಾಲ್ವರೂ ಮನೆಯಲ್ಲಿದ್ದೆವು. ಕೆಂಚ ಉಣ್ಣಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನವೂ ಇಲ್ಲ. ಕಾಲಿನ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಕುಂಟುತ್ತಾ ಗೇಟಿನವರೆಗೆ ಹೋಗಿ ರಸ್ತೆ ನೋಡುವುದು, ವಾಪಸು ಬರುವುದು. ಪಕ್ಕೆಲುಬು ಎಣಿಸಲು ಬರುತ್ತಿತ್ತು.

"ಸಿರವಾರಕ್ಕ ಹೋಗಿ ನಮ್ಮವ್ವನ್ನ ಕರಕೊಂಡು ಬರ್ತೀನಿ ಹಂಗಾರ," ಅಂದರು ಅಪ್ಪ.

"ನಾಯಿ ಉಣಲಿಲ್ಲ ಅಂತ ಬಾಣಂತಿನ ಬಿಟ್ಟು ಬರ್ರಿ ಅಂತ ಹೇಳ್ತೀರೇನು? ಊರ ನಗ್ತದ," ಅಂದಳು ಅವ್ವ.

ನಾಲ್ಕನೆಯ ದಿನ ಸಂಜೆ ಅವ್ವನೇ ಉಪಾಯ ಮಾಡಿದಳು. ಪಡಸಾಲೆಯಲ್ಲಿ ಅಜ್ಜಿ ಮಲಗುವ ಜಾಗದಲ್ಲಿ ಕೌದಿ ಹಾಸಿ, ತಲೆದಿಂಬಿನ ಮೇಲೆ ಅಜ್ಜಿ ಉಟ್ಟುಬಿಟ್ಟ ಸೀರೆ ಹೊದಿಸಿದಳು. ಕೆಂಚ ಹೊಸ್ತಿಲಿನ ಆಚೆಯಿಂದಲೇ ಕತ್ತು ಚಾಚಿ ಮೂಸಿತು. ಆಮೇಲೆ ಹೋಗಿ ಎರಡು ರೊಟ್ಟಿ ತಿಂದಿತು.

ಅಲ್ಲಿಂದ ಮುಂದಿನದು ನನ್ನ ಕೆಲಸ. ದಿನಕ್ಕೊಂದು ಮಡಿಕೆ ಹೆಚ್ಚು ಮಾಡುತ್ತಾ ಸೀರೆಯನ್ನು ಸಣ್ಣದು ಮಾಡಿದೆ. ಒಂಬತ್ತನೆಯ ದಿನ ಸೀರೆ ತೆಗೆದೇಬಿಟ್ಟೆ, ಉಂಡಿತು. ಆಮೇಲೆ ಅಪ್ಪ ಬರುವ ಮೊದಲೇ ತಟ್ಟೆ ಇಟ್ಟೆ, ಬೆನ್ನು ಸವರುತ್ತಾ ಕೂತೆ, ಉಂಡಿತು. ಮಾರ್ಚ್ 5ರ ಪುಟದಲ್ಲಿ "ಮಧ್ಯಾಹ್ನ 1:00. ಯಾರಿಗೂ ಕಾಯಲಿಲ್ಲ" ಎಂದು ಬರೆದು ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದೇನೆ. ಅಜ್ಜಿ ಸಿರವಾರದಿಂದ ಬಂದಾಗ ಅದು ಬಾಲ ಆಡಿಸಿತು, ಆದರೆ ಎದ್ದು ಬರಲಿಲ್ಲ.

"ಇನ್ನ ನಾ ಸತ್ರೂ ಉಣ್ತದ ಬಿಡು," ಅಂದಳು ಅಜ್ಜಿ.

ಮೇ ತಿಂಗಳಲ್ಲಿ ಅಪ್ಪನಿಗೆ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿ ನೋಡಿದ ಬಾಡಿಗೆ ಮನೆಯ ಯಜಮಾನರು ನಾಯಿ ತರಕೂಡದು ಅಂದಿದ್ದರು. ಬೀರಪ್ಪ ಬರದಿದ್ದರೆ ಕೆಂಚನನ್ನು ರಸ್ತೆಗೆ ಬಿಡಬೇಕಿತ್ತು. ಓಣಿಯಲ್ಲಿ ಕೇಳದ ಮನೆ ಉಳಿದಿರಲಿಲ್ಲ. ಕುಂಟು ನಾಯಿ ಯಾರಿಗೂ ಬೇಡವಾಗಿತ್ತು. ಶಾಲೆಗೆ ಬೇಸಿಗೆ ರಜೆ, ನಾನು ದಿನವಿಡೀ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದೆ.

ಮೇ 24, ಮಂಗಳವಾರ, ಸಂಜೆ ಐದಕ್ಕೆ ಹಿಂಡು ಬಂತು. ಬೀರಪ್ಪ ಸಿಳ್ಳು ಹಾಕಿದರು. ಕೆಂಚ ಮೂರೂವರೆ ಕಾಲಿನಲ್ಲಿ ಓಡಿಹೋಗಿ ಅವರ ಕಂಬಳಿಯೊಳಗೆ ಮುಖ ತೂರಿತು. ಅವರು ಮೊದಲು ಕಾಲು ಒತ್ತಿ ನೋಡಿದರು.

"ಕೂಡೈತಿ," ಅಂದರು. ಆಮೇಲೆ ಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ಚಹಾ ಕುಡಿಯುತ್ತಾ ಹೇಳಿದರು: "ಇದು ಇಲ್ದ ನಾಲ್ಕು ತಿಂಗಳು ದಿನಾ ಸಂಜಿಮುಂದ ಕುರಿ ಎಣಸಿ ಎಣಸಿ ಸಾಕಾತ್ರಿ. ಇದು ಇದ್ದಾಗ ನಾ ಎಣಸತಿದ್ದೇ ಇಲ್ಲ. ಒಂದು ಮರಿ ಹಿಂದ ಉಳದ್ರೂ ಉಣತಿದ್ದಿಲ್ಲ. ಇದು ಉಂಡ್ರ ಎಲ್ಲಾ ಬಂದಾವ ಅಂತ ಲೆಕ್ಕ. ಇಲ್ಲಂದ್ರ ತೋಳಕ್ಕ ಸಿಗೋದರೊಳಗ ಹುಡುಕಾಕ ಹೋಗತಿದ್ವಿ." ನನ್ನ ಕಡೆ ತಿರುಗಿದರು. "ಈಗೂ ಹಂಗ ಮಾಡ್ತದೇನು ತಂಗಿ?"

ಅವ್ವ ನನ್ನ ಮುಖ ನೋಡಿದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಹೂಂ ಕಾಕಾ," ಅಂದೆ. "ಎಲ್ಲಾರೂ ಬರೋತನ ಉಣ್ಣಂಗಿಲ್ಲ."

ಅವರು ನಕ್ಕರು. "ಜಾಣ ಅದಾನ." ಚಹಾದ ಲೋಟ ತೊಳೆದಿಟ್ಟು, ಅಪ್ಪನಿಗೆ ಕೈಮುಗಿದು ಹೊರಟರು. ಕೆಂಚ ಒಮ್ಮೆ ನಿಂತು ನಮ್ಮ ಕಡೆ ನೋಡಿ, ಹಿಂಡಿನ ಹಿಂದೆ ಹೋಯಿತು.

ಧೂಳು ಇಳಿದ ಮೇಲೆ ಅಜ್ಜಿ ಅಂದಳು, "ಎಣಸ್ಕೋರಿ ಅಂತ ಒಂದು ಮಾತು ಹೇಳಬೇಕಿತ್ತು ಬೇ."

"ನೀನರ ಹೇಳಬೇಕಿತ್ತು," ಅಂದೆ.

"ನನಗೂ ಅದು ಹೋದ್ರ ಸಾಕಾಗಿತ್ತು," ಅಂದಳು.

ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಕೆಂಚ ಹೋದ. ಸಂಜೆ 5:35. ಒಟ್ಟು 128 ದಿನ." ಮುಂದಿನ ತಿಂಗಳು ನಾವು ದೇವದುರ್ಗಕ್ಕೆ ಹೋದೆವು. ಆ ಕಡೆಯೂ ಹಿಂಡುಗಳು ಬರುತ್ತಿದ್ದವು, ಬೀರಪ್ಪನವರದು ಬರಲಿಲ್ಲ. ಈಗ ಮಾನ್ವಿಗೆ ಹೋದಾಗ ಆ ರಸ್ತೆಯಲ್ಲಿ ಕುರಿ ಕಾಣುವುದು ಅಪರೂಪ. ಕೊಯ್ಲು ಯಂತ್ರದ ಹಿಂದೆಯೇ ಟ್ರ್ಯಾಕ್ಟರು ಇಳಿಯುತ್ತದೆ, ಗದ್ದೆ ಖಾಲಿ ಇರುವುದೇ ಇಲ್ಲ. ಕೇಳೋಣವೆಂದರೆ ಆ ದಾರಿಯಲ್ಲಿ ಯಾರೂ ನಡೆದು ಬರುವುದಿಲ್ಲ.

ಬೀರಪ್ಪನವರನ್ನಾಗಲಿ, ಹಿಂದಿನ ಎಡಗಾಲು ಕುಂಟುತ್ತಿದ್ದ ಅವರ ಕೆಂದು ನಾಯಿಯನ್ನಾಗಲಿ ಬಲ್ಲವರು, ಅವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನಾಯಿ ಉಂಡಿತೆಂದು ನಂಬಿ ಎಣಿಸದೆ ಮಲಗಿದ ಆ ಮಳೆಗಾಲದಲ್ಲಿ ಅವರ ಕುರಿ ಕಳೆದವೇ, ಕಳೆದಿದ್ದರೆ ಎಷ್ಟು ಎಂದು ನನಗೆ ತಿಳಿಯಬೇಕು. ನನ್ನ ಸಮಾಧಾನಕ್ಕೆಂದು ಕಡಿಮೆ ಮಾಡಿ ಬರೆಯಬೇಡಿ.