ಮಧುನಾಶಿನಿ ಎಲೆ ಮತ್ತು ಒಂದು ಚಿಟಿಕೆ ರವೆ

ನಿಮ್ಮ ತಾತ ಇದ್ದಿದ್ದರೆ ಇದನ್ನು ಬರೆಯಲು ಬಿಡುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾದಾಗ ನಾವು ತಿರುವೊಟ್ಟಿಯೂರಿನಲ್ಲಿದ್ದೆವು. ಅವರ ಕೆಲಸ ಮಣಲಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅದು ಸಾಲದೆಂದು ತಾತ ನಾಟಿ ಔಷಧಿ ಅಂಗಡಿಯಿಂದ ಮಧುನಾಶಿನಿ ಎಲೆ ತಂದು, ಬೆಳಿಗ್ಗೆ ಎದ್ದೊಡನೆ ಅಗಿಯತೊಡಗಿದರು. ಅದನ್ನು ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ.

ತಿಂಗಳಿಗೊಮ್ಮೆ ಹೋದಾಗ ಡಾಕ್ಟರು, ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ತಮಿಳಿನಲ್ಲಿ ಕೇಳುವರು. "ಒಣ್ಣುಮಿಲ್ಲೆ ಸಾರ್," ಏನೂ ಇಲ್ಲ ಎನ್ನುವರು ತಾತ. ನಾನು ಚೀಲ ಹಿಡಿದು ಹಿಂದೆ ನಿಂತಿರುತ್ತಿದ್ದೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು. ಹೊರಗಿನವರ ಮುಂದೆ ಬಾಯಿ ತೆರೆದವಳಲ್ಲ. ಬಸ್ ಸ್ಟಾಪಿನಲ್ಲಿ ಮಾತ್ರ ಕೇಳುತ್ತಿದ್ದೆ.

"ಅಲ್ಲಾಂದ್ರೆ, ಎಲೆ ವಿಷಯ ಹೇಳಬಾರದಿತ್ತೇ?"

"ಸೊಪ್ಪು ಯಾವಾಗ ಔಷಧಿ ಆಯ್ತೇ? ನಿನ್ನ ಮೆಂತ್ಯದ ಹುಳಿ ವಿಷಯಾನೂ ಹೇಳಿ ಬರ್ಲಾ?"

ನಮ್ಮಲ್ಲಿ ಏಕಾದಶಿ ಪೂರ್ತಿ ಉಪವಾಸ. ದ್ವಾದಶಿ ಬೆಳಿಗ್ಗೆ ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ ಆಗಲೇಬೇಕು. ಅಗಸೆ ತಿಂದರೆ ಔಷಧಿಯ ಶಕ್ತಿ ಮುರಿಯುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ತಾತ ಪಲ್ಯವನ್ನೂ ಬಿಡುವವರಲ್ಲ, ಶಕ್ತಿಯನ್ನೂ ಬಿಟ್ಟುಕೊಡುವವರಲ್ಲ. ಆ ದ್ವಾದಶಿ, ಮುರಿಯುವುದಕ್ಕೆ ಮೊದಲೇ ಇರಲಿ ಎಂದು ಮಾತ್ರೆ ನುಂಗಿ, ಎಲೆಯನ್ನು ಎರಡರಷ್ಟು ಅಗಿದು ಪೂಜೆಗೆ ಕೂತರು. ಹಿಂದಿನ ದಿನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಮಾತ್ರೆಯನ್ನಂತೂ ತಪ್ಪಿಸಿರಲಿಲ್ಲ.

ನಾನು ಒಲೆಯ ಮುಂದಿದ್ದೆ. ಗಂಟೆಯ ಸದ್ದು ನಡುವೆ ನಿಂತಿತು. ಹೋಗಿ ನೋಡಿದರೆ ಮೈಯೆಲ್ಲ ಬೆವರು, ಕೈ ನಡುಗುತ್ತಿದೆ, ಕಣ್ಣು ಎಲ್ಲೋ ಇದೆ. ಸಕ್ಕರೆ ತಂದು ಬಾಯಿಗೆ ಹಾಕಿದೆ. ಥೂ ಎಂದು ಉಗಿದರು.

"ಮರಳು ಯಾಕೇ ಹಾಕ್ತೀಯ?"

ಪ್ರಾಣ ಹೋಗುವ ಹೊತ್ತಿನಲ್ಲೂ ಆ ಎಲೆಯೇ ಅಡ್ಡ ಬಂತಲ್ಲ! ಸಕ್ಕರೆಯನ್ನು ನೀರಲ್ಲಿ ಕರಗಿಸಿ, ಗದರಿಸಿ, ಚಮಚದಿಂದ ಗುಟುಕು ಗುಟುಕಾಗಿ ಕುಡಿಸಿದೆ. ಬೈದುಕೊಂಡೇ ನುಂಗಿದರು. ಸ್ವಲ್ಪ ಹೊತ್ತಿಗೆ ನನ್ನ ಗುರುತು ಹತ್ತಿತು.

ಅಂದೇ ಡಾಕ್ಟರ ಹತ್ತಿರ ಹೋದೆವು. ಮತ್ತದೇ ಪ್ರಶ್ನೆ. ಮತ್ತದೇ "ಒಣ್ಣುಮಿಲ್ಲೆ ಸಾರ್." ನಾನೂ ಮತ್ತದೇ ಚೀಲ ಹಿಡಿದು ಹಿಂದೆ ನಿಂತಿದ್ದೆ. ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ಹೆಚ್ಚು.

ಮನೆಗೆ ಬಂದು, ಇನ್ನು ಎಲೆ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿದರು. ನಾನು ನಂಬಲಿಲ್ಲ. ದಿನಾ ಬೆಳಿಗ್ಗೆ ನಾಲ್ಕು ಕಾಳು ಸಕ್ಕರೆ ನಾಲಿಗೆಗೆ ಹಾಕಿ ಕೇಳುತ್ತಿದ್ದೆ. "ಸಿಹಿ" ಎನ್ನುವರು. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಒಂದು ದಿನ ಸಕ್ಕರೆಯ ಬದಲು ಉಪ್ಪಿಟ್ಟಿನ ರವೆ ಹಾಕಿದೆ.

"ಹೂಂ, ಸಿಹಿ," ಎಂದರು ತಾತ, ಪೇಪರಿನಿಂದ ತಲೆಯೆತ್ತದೆ.

ಎಲೆಯ ಪೊಟ್ಟಣ ಅವರ ಆಫೀಸಿನ ಚೀಲದಲ್ಲೇ ಇತ್ತು. ಅವರು ಸ್ನಾನಕ್ಕೆ ಹೋದಾಗ ತೆಗೆದಿಟ್ಟುಕೊಂಡೆ. ಅವರು ಆಫೀಸಿಗೆ ಹೊರಟ ಮೇಲೆ, ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಅದನ್ನು ಮೇಜಿನ ಮೇಲಿಟ್ಟೆ. "ಡೈಲಿ... ಇದು... ಮಾತ್ರೆ ಕೂಡ," ಎಂದೆ. ಅಷ್ಟೇ ಬಂದದ್ದು.

ಡಾಕ್ಟರು ಮೂಸಿ ನೋಡಿದರು. "ಅಮ್ಮಾ, ಇದೂ ಶುಗರ್ ಇಳಿಸುತ್ತೆ, ಮಾತ್ರೆಯೂ ಇಳಿಸುತ್ತೆ. ಎರಡೂ ಸೇರಿ, ಮೇಲೆ ಉಪವಾಸ ಬೇರೆ! ಮೊದಲೇ ಯಾಕೆ ಹೇಳಲಿಲ್ಲ?" ಎಂದು ತಮಿಳಿನಲ್ಲಿ ನನ್ನನ್ನೇ ಗದರಿದರು. ಒಂದು ವರ್ಷ ಅವರ ಎದುರಿಗೇ ನಿಂತಿದ್ದೆ. ಒಂದು ಸಲವಾದರೂ ನನ್ನ ಮುಖ ನೋಡಿ ಕೇಳಿದ್ದರೇ?

ಸಂಜೆ ನಾನೇ ವಿಷಯ ಹೇಳಿದಾಗ, "ಮನೆ ಮಾನ ಕಳೆದ್ಯಲ್ಲೇ," ಎಂದು ತಾತ ಎರಡು ದಿನ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ. ಮೂರನೆಯ ಬೆಳಿಗ್ಗೆ ಮತ್ತೆ ರವೆಯನ್ನೇ ತಂದು ಮುಂದೆ ನಿಂತೆ. ಮುಖ ಗಂಟು ಹಾಕಿಕೊಂಡೇ ನಾಲಿಗೆ ಚಾಚಿದರು.

"ರವೆ," ಎಂದರು.