ಎಮೆಟ್ ಇಲ್ಲದ ಬದಿ

ಹೊಸ ತಂಡದಲ್ಲಿ ಆಟ ಹೇಗೆ ನಡೆಯುತ್ತಿದೆ ಎಂದು ಆರ್ವೆಲ್ ಪೆಟ್ವೇಯನ್ನು ಯಾರೂ ಕೇಳುತ್ತಿರಲಿಲ್ಲ; ಎಲ್ಲರೂ ಅವನಿಗೇ ಹೇಳುತ್ತಿದ್ದರು. ಅವನು ಓಡಿಸುವ ಬಸ್ಸು ನದಿಯ ಈಚೆಯ ಗ್ರೇಸ್‌ಪೋರ್ಟಿನಿಂದ ಸೇತುವೆ ದಾಟಿ ಆಚೆಯ ಹಾರ್ಲನ್ ಬೆಂಡಿಗೆ ಹೋಗಿಬರುತ್ತಿತ್ತು. ಹತ್ತುವವರಲ್ಲಿ ಅರ್ಧ ಜನ ಅವನು ಬಿಟ್ಟುಬಂದ ತಂಡದ ಕಡೆಯವರು, ಇನ್ನರ್ಧ ಅವನು ಸೇರಿಕೊಂಡ ತಂಡದ ಕಡೆಯವರು. ಬಾಯಿಗೆ ಬೀಗ ಹಾಕಿಕೊಳ್ಳುವ ಅಭ್ಯಾಸ ಎರಡೂ ಊರಿಗಿಲ್ಲ.

"ಶನಿವಾರ ಆ ಎದುರು ತಂಡದ ಹುಡುಗ ನಿನ್ನ ಪಕ್ಕದಲ್ಲೇ ದಾಟಿ ಹೋದ್ನಲ್ಲಪ್ಪ," ಎಂದಳು ಮುಂದಿನ ಸೀಟಿನ ಮುದುಕಿ ಮಿಸ್ ಲೊರೇನ್. "ಟಿಕೆಟ್ಟಾದ್ರೂ ಕೇಳಬೇಕಿತ್ತು."

"ಕೂತ್ಕೊಳ್ಳಿ ಮಿಸ್ ಲೊರೇನ್, ಬಸ್ಸು ಹೊರಡುತ್ತೆ."

"ಹೊರಡ್ಲಿ. ಬಸ್ಸಾದ್ರೂ ಓಡ್ಲಿ."

ಅಮೆರಿಕನ್ ಫುಟ್‌ಬಾಲಿನಲ್ಲಿ ಆರ್ವೆಲ್ ಕಾರ್ನರ್‌ಬ್ಯಾಕ್. ಮೈದಾನದ ಅಂಚಿನಲ್ಲಿ ನಿಂತು, ಚೆಂಡು ಹಿಡಿಯಲು ಓಡುವ ಎದುರಾಳಿಗೆ ಅಂಟಿಕೊಂಡು ಓಡಬೇಕಾದವನು. ದಿನವಿಡೀ ತಡೆದರೆ ಯಾರೂ ನೋಡುವುದಿಲ್ಲ, ಒಮ್ಮೆ ತಪ್ಪಿದರೆ ಊರೇ ನೋಡುತ್ತದೆ. ಇಂಥ ಹಾಳು ಕೆಲಸವನ್ನು ಸಂಬಳವಿಲ್ಲದೆ ಯಾರಾದರೂ ಮಾಡುತ್ತಾರೆಯೇ? ಆರ್ವೆಲ್ ಮದುವೆಗೂ ಮುಂಚಿನಿಂದ ಮಾಡಿಕೊಂಡು ಬಂದಿದ್ದ. ಉಕ್ಕಿನ ಕಾರ್ಖಾನೆ ಮುಚ್ಚಿದಾಗಲೂ ಬಿಡಲಿಲ್ಲ. ಹಾರ್ಲನ್ ಬೆಂಡಿನ ಹೊಸ ಕೋಚು ನಿನಗೆ ವಯಸ್ಸಾಯಿತು ಎಂದು ಕೈಬಿಟ್ಟಾಗಲೂ ಮನೆಯಲ್ಲಿ ಕೂರದೆ ಸೇತುವೆ ದಾಟಿ ಗ್ರೇಸ್‌ಪೋರ್ಟಿಗೆ ಬಂದ. ಬರುವ ಶನಿವಾರದ ಆಟ ಆ ಹಾರ್ಲನ್ ಬೆಂಡಿನ ಮೇಲೆಯೇ. ಅವತ್ತು ಬೆಂಚಿನ ಮೇಲೆ ಕೂತರೆ ಆ ಕೋಚಿನ ಮಾತು ನಿಜವಾದಂತೆ. ಅದನ್ನು ಮಾತ್ರ ಅವನಿಂದ ನುಂಗಲು ಆಗುತ್ತಿರಲಿಲ್ಲ.

ಸೋಮವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ತಂಡವೆಲ್ಲ ಸೇರಿ ಹಿಂದಿನ ಆಟದ ವಿಡಿಯೊ ನೋಡುತ್ತಿತ್ತು. ಗ್ರೇಸ್‌ಪೋರ್ಟಿನವರದು ಒಂದು ಕಟ್ಟಳೆ. ತಪ್ಪು ಯಾರದೋ ಅವನೇ ಎದ್ದು, ರಿಮೋಟು ಹಿಡಿದು, ಏನು ತಪ್ಪಾಯಿತೆಂದು ಎಲ್ಲರೆದುರು ಹೇಳಬೇಕು. ಅಲ್ಲಿಯವರೆಗೆ ಕೋಚ್ ಸ್ಟೂಕಾ ತುಟಿ ಬಿಚ್ಚುವುದಿಲ್ಲ. ತನ್ನ ತಪ್ಪು ತನಗೇ ಕಾಣದವನಿಗೆ ಮುಂದಿನ ಆಟದಲ್ಲಿ ಬೆಂಚೇ ಗತಿ.

ಸ್ಟೂಕಾ ರಿಮೋಟನ್ನು ಆರ್ವೆಲ್ ಕೈಗಿಟ್ಟ. ಅವನ ಜಾಗಕ್ಕೆ ಕಾದು ಕೂತಿದ್ದ ಕೀಶಾನ್ ಹಿಂದಿನಿಂದ, "ಸ್ವಲ್ಪ ನಿಧಾನಕ್ಕೆ ಓಡಿಸಿ ತೋರ್ಸು ತಾತ," ಎಂದ. "ಓ, ಅದು ಆಗ್ಲೇ ನಿಧಾನಕ್ಕೇ ಓಡ್ತಿದೆ." ಎಲ್ಲರೂ ನಕ್ಕರು.

ಕಾಲು ಸೋತಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಎಲ್ಲರೂ ಅಯ್ಯೋ ಪಾಪ ಎಂದು ಮರ್ಯಾದೆಯಿಂದಲೇ ಬೆಂಚು ತೋರಿಸುತ್ತಿದ್ದರು. ಒಳಗೊಳಗೆ ಆರ್ವೆಲ್‌ಗೂ ಅದೇ ಭಯ. ಆದರೂ ಹಲ್ಲು ಕಚ್ಚಿಕೊಂಡು ವಿಡಿಯೊ ಹಿಂದಕ್ಕೆ ಓಡಿಸಿದ, ಮತ್ತೆ ನೋಡಿದ, ಮತ್ತೂ ಒಮ್ಮೆ ನೋಡಿದ. ಓಟದಲ್ಲಿ ಅವನು ಎಲ್ಲೂ ಹಿಂದೆ ಬಿದ್ದಿರಲಿಲ್ಲ. ಎದುರು ತಂಡದ ಆ ಹುಡುಗ ಮೈದಾನದ ನಡುವಿನ ಕಡೆಗೆ ತಿರುಗಿದ ಕ್ಷಣದಲ್ಲಿ ಮಾತ್ರ ಆರ್ವೆಲ್ ಅಂಚಿನ ಬದಿಯನ್ನೇ ಕಾಯುತ್ತ, ಒಳಗಿನ ದಾರಿ ಬಿಟ್ಟುಕೊಟ್ಟು, ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದ. ಹಿಂದೆ ಬರೀ ಹುಲ್ಲು.

ಅಲ್ಲಿ ಎಮೆಟ್ ಇರಬೇಕಿತ್ತು.

ಹಾರ್ಲನ್ ಬೆಂಡಿನಲ್ಲಿ ವರ್ಷಗಟ್ಟಲೆ ಅವನ ಬೆನ್ನ ಹಿಂದೆ ಆಡಿದವನು ಎಮೆಟ್. ಅಂಚು ನಿನಗೆ, ಒಳಗಡೆ ನನಗೆ ಎಂದು ಯಾವ ಕಾಲದಲ್ಲೋ ಆಡಿಕೊಂಡ ಮಾತು. ಆಮೇಲೆ ಮಾತೂ ಬೇಕಾಗಿರಲಿಲ್ಲ. ಗ್ರೇಸ್‌ಪೋರ್ಟಿನಲ್ಲಿ ಹಿಂದೆ ಆಡುವವನು ನಿಲ್ಲುವುದು ಇನ್ನೊಂದು ಬದಿಗೆ. ಅದು ಆರ್ವೆಲ್‌ನ ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ.

"ಕಾಲು ಸರಿಯಾಗೇ ಇದೆ," ಎಂದ. "ನಾನೇ ಒಳಗಡೆ ಬಿಟ್ಕೊಡ್ತಿದೀನಿ, ಯಾರೋ ಬರ್ತಾನೆ ಅಂತ. ಇಲ್ಲಿ ಯಾರೂ ಬರಲ್ಲ."

ಯಾರೂ ನಗಲಿಲ್ಲ. "ಇದನ್ನ ನಿನ್ನ ಬಾಯಿಂದಾನೇ ಕೇಳ್ಬೇಕು ಅಂತ ಕಾಯ್ತಿದ್ದೆ," ಎಂದ ಸ್ಟೂಕಾ. "ಶನಿವಾರ ನೀನೇ ಇಳಿ. ಒಂದು ಸಲ ಹಿಂದೆ ತಿರುಗಿದ್ಯೋ, ಕೀಶಾನ್ ಒಳಕ್ಕೆ ಬರ್ತಾನೆ."

ಮರುದಿನ ಅಭ್ಯಾಸ ಮುಗಿದ ಮೇಲೆ ಆರ್ವೆಲ್ ಹಿಡಿದು ನಿಲ್ಲಿಸಿದ್ದು ಕೀಶಾನ್‌ನನ್ನೇ. "ಒಳಗಡೆಗೇ ಓಡು. ಕತ್ತಲಾಗೋವರೆಗೂ ಓಡು."

"ನಿನ್ನ ಜಾಗ ಉಳಿಸ್ಕೊಳ್ಳೋಕೆ ನಾನು ಬೆವರು ಸುರಿಸ್ಬೇಕಾ?"

"ಹೂಂ. ನನ್ನನ್ನ ದಾಟು, ಜಾಗ ತಗೋ."

ಹುಡುಗ ಛಲದಿಂದಲೇ ಓಡಿದ. ಮೊದಮೊದಲು ಸಲೀಸಾಗಿ ದಾಟಿದ. ಆರ್ವೆಲ್ ಒಳಗಿನ ಬದಿಗೆ ಒಂದು ಹೆಜ್ಜೆ ಸರಿದು ನಿಂತ. ಬೆತ್ತಲೆ ನಿಂತ ಹಾಗೆ ಅನ್ನಿಸಿತು. ಶುಕ್ರವಾರದ ಹೊತ್ತಿಗೆ ಕೀಶಾನ್‌ಗೆ ದಾಟುವುದು ಕಷ್ಟವಾಯಿತು, ತಾತ ಎನ್ನುವುದನ್ನೂ ಬಿಟ್ಟ.

ಶನಿವಾರ ಗ್ರೇಸ್‌ಪೋರ್ಟ್ ಸ್ವಲ್ಪದರಲ್ಲಿ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಹಾರ್ಲನ್ ಬೆಂಡಿನವರು ಚೆಂಡನ್ನು ಆರ್ವೆಲ್ ಇದ್ದ ಕಡೆಗೇ ಎಸೆದರು, ಅದೂ ಒಳಗಡೆಗೆ. ಎಲ್ಲಿ ಹೊಡೆಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕತ್ತು ಹಿಂದಕ್ಕೆ ಎಳೆಯಿತು. ಆರ್ವೆಲ್ ತಿರುಗಲಿಲ್ಲ. ಎದುರಾಳಿಗೂ ಚೆಂಡಿಗೂ ನಡುವೆ ನುಗ್ಗಿ, ಎರಡೂ ಕೈಯಲ್ಲಿ ಚೆಂಡು ಬಾಚಿಕೊಂಡು, ಅದರ ಮೇಲೇ ಕವುಚಿ ಬಿದ್ದ. ಅವನು ಏಳುವಷ್ಟರಲ್ಲಿ ಇಡೀ ತಂಡ ಅವನ ಮೇಲಿತ್ತು, ಎಲ್ಲರಿಗಿಂತ ಮೇಲೆ ಕೀಶಾನ್.

ಆಟ ಮುಗಿದ ಮೇಲೆ ಅಗ್ನಿಶಾಮಕ ದಳದ ಸಭಾಂಗಣದ ಹೊರಗೆ ಆರ್ವೆಲ್ ಕರಿದ ಮೀನಿನ ಸ್ಯಾಂಡ್‌ವಿಚ್ ತಿನ್ನುತ್ತ ನಿಂತಿದ್ದಾಗ ಎಮೆಟ್ ಬಂದ.

"ನಾನೇ ಹೇಳಿದ್ದು ಅವರಿಗೆ," ಎಂದ. "ಆರ್ವೆಲ್ ಒಳಗಡೆ ಬಿಡ್ತಾನೆ ಅಂತ."

"ಇನ್ಯಾರು ಹೇಳ್ತಾರೆ."

ಎಮೆಟ್ ನಗಲಿಲ್ಲ. "ಈ ವರ್ಷ ನನ್ನ ಆಟ ನೋಡಿದ್ಯಾ? ನೋಡ್ಬೇಡ. ಚೆಂಡು ಮೇಲೆ ಹೋದ ತಕ್ಷಣ ನೀನಿದ್ದ ಬದಿಗೇ ಓಡ್ತೀನಿ ಕಣೋ. ಈಗ ಅಲ್ಲಿರೋ ಹುಡುಗನಿಗೆ ನಾನು ಬೇಕಾಗೇ ಇಲ್ಲ. ಅಷ್ಟರಲ್ಲಿ ಇನ್ನೊಂದ್ ಕಡೆ ಖಾಲಿ. ಎಮೆಟ್‌ಗೆ ವಯಸ್ಸಾಯ್ತು ಅಂತಿದಾರೆ ಜನ."

ಆರ್ವೆಲ್‌ನ ಕಣ್ಣು ತುಂಬಿ ಬಂತು. ಇಷ್ಟು ದಿನ ಅವನು ತಿರುಗಿ ತಿರುಗಿ ಹುಡುಕುತ್ತಿದ್ದವನು ನದಿಯ ಆಚೆ ಅವನನ್ನೇ ಕಾಯಲು ಓಡುತ್ತಿದ್ದ. ಆರ್ವೆಲ್ ಸ್ಯಾಂಡ್‌ವಿಚ್ಚನ್ನು ಮುರಿದು ಅರ್ಧ ಎಮೆಟ್ ಕೈಗಿಟ್ಟ.

"ವಯಸ್ಸೂ ಇಲ್ಲ, ಮಣ್ಣೂ ಇಲ್ಲ," ಎಂದ. "ನಾಳೆ ವಿಡಿಯೊ ತಗೊಂಡು ಮನೆಗೆ ಬಾ. ರಿಮೋಟು ಮಾತ್ರ ನೀನೇ ಹಿಡೀಬೇಕು."